ದೃಕ್ಕಿಗೂ ಗಣಿತಕ್ಕೂ ಹೊಂದಿಕೆ

ಶ್ರೀರಂಗಪಟ್ಟಣದ ದ್ವೀಪವನ್ನು ಬಿಟ್ಟು, ಕಾವೇರಿಯ ಉತ್ತರದ ಕವಲನ್ನು ದಾಟಿ ಸ್ವಲ್ಪ ದೂರ ನಡೆದರೆ ಕಿರಂಗೂರೆಂಬ ಗ್ರಾಮವು ದೊರೆಯುವುದು. ೧೬೧೦ನೆಯ ಇಸವಿಯಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರೆಂಬುದು ಸುಪ್ರಸಿದ್ಧವಾದ ಸಂಗತಿ. ಈಗಲೂ ಶ್ರೀರಂಗಪಟ್ಟಣದ ದಸರೆಯ ಮೆರವಣಿಗೆಯು ಕಿರಂಗೂರಿನ ಬನ್ನಿಮಂಟಪದಿಂದಲೇ ಹೊರಡುವುದು. ಬನ್ನಿಯ ಪೂಜೆಯೆಂಬುದು ಪ್ರಯಾಣಾರಂಭದ ಪೂಜೆ; ಸೀಮೋಲ್ಲಂಘನದ ಪೂಜೆ. ಹೆಜ್ಜೆಯನ್ನಿಡುವುದಕ್ಕೆ ಮೊದಲು ದಿನವನ್ನೂ ದಿಕ್ಕನ್ನೂ ನಿಶ್ಚಯಿಸಿಕೊಳ್ಳಬೇಕೆಂಬುದು ಈ ದೇಶದ ಹಿರಿಯರು ಇಟ್ಟ ಕಟ್ಟಳೆ.

ದಿನವನ್ನು ಹೇಳುವುದು ಪಂಚಾಂಗ. ಪಂಚಾಂಗಕ್ಕೆ ಆಧಾರವು ಗಣಿತ. ಗಣಿತಕ್ಕೆ ಪ್ರಮಾಣವು ಆಕಾಶದಲ್ಲಿ ಕಣ್ಣಿಗೆ ಕಾಣುವ ಗ್ರಹಸ್ಥಿತಿ, ಎಂದರೆ ದೃಕ್ಕು. ಒಂದೇ ಊರಿನ ಎರಡು ಮನೆಗಳು ಎರಡು ಪಂಚಾಂಗಗಳನ್ನು ನೋಡಿ ಎರಡು ದಿನ ಏಕಾದಶಿಯನ್ನು ಆಚರಿಸಿದ ಸಂದರ್ಭಗಳು ವಾಚಕರಿಗೆ ತಿಳಿಯದವಲ್ಲ. ಸಂಪ್ರದಾಯಭೇದವನ್ನು ಬದಿಗಿರಿಸಿದರೆ, ಈ ವಿವಾದದ ತಿರುಳು ಒಂದು ಸಣ್ಣ ಪ್ರಶ್ನೆ: ಕಂಡದ್ದಕ್ಕೂ ಎಣಿಸಿದ್ದಕ್ಕೂ ಅಂತರ ಬಂದರೆ ಯಾವುದನ್ನು ತಿದ್ದಬೇಕು, ಎಷ್ಟು ತಿದ್ದಬೇಕು, ತಿದ್ದುವ ಮೊದಲು ಯಾವುದನ್ನು ಸ್ಥಿರವೆಂದು ಹಿಡಿಯಬೇಕು? ವಿಜ್ಞಾನದ ಎಲ್ಲ ಅಳತೆಗಳಲ್ಲಿಯೂ ಏಳುವ ಪ್ರಶ್ನೆ ಇದೇ. ಸೂತ್ರವೊಂದರೊಳಗೆ ಬೆಲೆ ತಿಳಿಯದ ಕೆಲವು ಮಾನಾಂಕಗಳಿರುವುವು. ಅವುಗಳಿಗೆ ತಕ್ಕ ಬೆಲೆಯನ್ನು ಕೊಟ್ಟು ಸೂತ್ರವನ್ನು ಅಳತೆಗಳಿಗೆ ಹೊಂದಿಸುವುದೇ ಹೊಂದಿಕೆಯ ಲೆಕ್ಕ. ಇದರ ಇತಿಹಾಸವನ್ನು ನೋಡಿದರೆ ಒಂದು ವಿಷಯವು ಮತ್ತೆ ಮತ್ತೆ ಎದುರಿಗೆ ಬರುವುದು. ಲೆಕ್ಕದ ಫಲವು ಲೆಕ್ಕದ ವೇಗದಿಂದ ನಿರ್ಣಯವಾಗುವುದಿಲ್ಲ. ಲೆಕ್ಕವನ್ನು ಆರಂಭಿಸಿದವನು ಮೊದಲಿನಲ್ಲಿ ಏನನ್ನು ಗೊತ್ತುಮಾಡಿಕೊಂಡನೆಂಬುದರಿಂದ ನಿರ್ಣಯವಾಗುವುದು.

ಪ್ರಾಚೀನ ಜ್ಯೋತಿಷಿಗಳು ಈ ತಿದ್ದುಪಾಟಿಗೆ ಬೀಜಸಂಸ್ಕಾರವೆಂದು ಹೆಸರಿಟ್ಟಿದ್ದರು. ಸೂರ್ಯಸಿದ್ಧಾಂತವು ಹೇಳುವ ವರ್ಷಮಾನವು ನಕ್ಷತ್ರಗಳ ನಡುವೆ ಸೂರ್ಯನ ವಾಸ್ತವವಾದ ಸುತ್ತಿಗಿಂತ ಸುಮಾರು ಮೂರೂವರೆ ನಿಮಿಷ ಹೆಚ್ಚಾಗಿದೆ. ಒಂದು ವರ್ಷದಲ್ಲಿ ಇದು ಯಾರ ಕಣ್ಣಿಗೂ ಬೀಳುವ ಅಂತರವಲ್ಲ. ಸಾವಿರ ವರ್ಷಗಳಲ್ಲಿ ಎರಡು ದಿನಗಳನ್ನು ಮೀರುವುದು. ಆದುದರಿಂದ ಕಾಲಕಾಲಕ್ಕೆ ಆಕಾಶವನ್ನು ನೋಡಿ ಮಾನಾಂಕಗಳನ್ನು ತಿದ್ದದೆ ಗತ್ಯಂತರವಿರಲಿಲ್ಲ. ಕೇರಳದ ವಟಶ್ಶೇರಿ ಮನೆತನದ ಪರಮೇಶ್ವರನು ೧೩೯೩ರಿಂದ ೧೪೩೨ರ ವರೆಗೆ ಗ್ರಹಣಗಳನ್ನು ಕಣ್ಣಾರೆ ನೋಡಿ ಗುರುತಿಸಿಟ್ಟು, ೧೪೩೧ರಲ್ಲಿ ದೃಗ್ಗಣಿತವೆಂಬ ಗ್ರಂಥವನ್ನು ರಚಿಸಿದನು. ಅದೇ ಪರಂಪರೆಯ ನೀಲಕಂಠ ಸೋಮಯಾಜಿಯು ತನ್ನ ಜ್ಯೋತಿರ್ಮೀಮಾಂಸೆಯಲ್ಲಿ, ಸಿದ್ಧಾಂತವು ಪರೀಕ್ಷೆಗೆ ಒಳಪಡಬೇಕು, ದೃಕ್ಕಿಗೆ ವಿರೋಧವಾದರೆ ತಿದ್ದಲ್ಪಡಬೇಕು ಎಂಬುದನ್ನು ಯುಕ್ತಿಪೂರ್ವಕವಾಗಿ ಪ್ರತಿಪಾದಿಸಿದನು.

ಆದರೆ ಹೊಂದಿಕೆಯ ಆರಂಭಕ್ರಮವು ಸ್ಫುಟವಾಗಿ ಕಾಣುವುದು ಗಣೇಶದೈವಜ್ಞನ ಗ್ರಹಲಾಘವದಲ್ಲಿ. ಇದು ಕರಣಗ್ರಂಥ, ಕಲ್ಪಾದಿಯಿಂದ ಎಣಿಸುವ ಭಾರವನ್ನು ಬಿಟ್ಟು ಸಮೀಪದ ಒಂದು ದಿನವನ್ನು ಆರಂಭವೆಂದು ಹಿಡಿಯುವುದು ಕರಣಗಳ ಪದ್ಧತಿ. ಗಣೇಶನು ಶಕ ೧೪೪೨ನ್ನು, ಎಂದರೆ ಕ್ರಿ. ಶ. ೧೫೨೦ನ್ನು, ಆರಂಭವಾಗಿ ಹಿಡಿದನು. ಹನ್ನೊಂದು ವರ್ಷಗಳ, ಎಂದರೆ ೪೦೧೬ ದಿನಗಳ, ಚಕ್ರಗಳನ್ನು ಕಲ್ಪಿಸಿದನು. ಒಂದೊಂದು ಗ್ರಹಕ್ಕೂ ಆ ದಿನದ ಸ್ಥಾನವನ್ನು ಕ್ಷೇಪಕವೆಂಬ ಹೆಸರಿನಿಂದ ಕೊಟ್ಟನು. ಅಷ್ಟೇ ಅಲ್ಲ, ಯಾವುದನ್ನು ಎಲ್ಲಿಂದ ತೆಗೆದುಕೊಂಡೆನೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ಸೂರ್ಯ ಮತ್ತು ಚಂದ್ರೋಚ್ಚಗಳು ಸೌರಮತದಂತೆ. ಚಂದ್ರನೂ ಸೌರಮತದಂತೆಯೇ, ಆದರೆ ಒಂಬತ್ತು ಕಲೆ ಕಡಿಮೆ. ಗುರು, ಕುಜ, ರಾಹುಗಳು ಆರ್ಯಮತದಂತೆ. ಬುಧನ ಕೇಂದ್ರವು ಬ್ರಾಹ್ಮಮತದಂತೆ. ಶುಕ್ರನ ಕೇಂದ್ರವು ಬ್ರಾಹ್ಮ ಮತ್ತು ಆರ್ಯಮತಗಳ ನಡುವಿನದು. ಶನಿಯು ಆರ್ಯಮತದಂತೆ, ಆದರೆ ಐದು ಭಾಗ ಹೆಚ್ಚು. ಯಾವುದು ಸ್ಥಿರ, ಯಾವುದು ಚಲಿತ, ಎಷ್ಟು ಚಲಿತ ಎಂಬುದೆಲ್ಲವೂ ಆರಂಭದಲ್ಲಿಯೇ ವ್ಯಕ್ತವಾಗಿರುವುದರಿಂದ, ಐನೂರು ವರ್ಷಗಳ ತರುವಾಯವೂ ಬೇರೊಬ್ಬ ಗಣಕನು ಆತನ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡಬಹುದು. ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಲೂಬಹುದು.

ಇನ್ನು ಕಿರಂಗೂರಿನ ಎದುರಿಗೆ ಕಾಣುವ ಶ್ರೀರಂಗಪಟ್ಟಣದ ಸೀಮೆಗೆ ಮರಳಿ ಬರೋಣ. ೧೭೯೯ನೆಯ ಇಸವಿ ಏಪ್ರಿಲ್ ತಿಂಗಳಿನ ಮೊದಲ ವಾರದಲ್ಲಿ ಇಂಗ್ಲಿಷರ ಸೇನೆಯು ಟಿಪ್ಪು ಸುಲ್ತಾನನ ರಾಜಧಾನಿಯನ್ನು ಮುತ್ತಲು ಬಂದು ಇಳಿದಿತ್ತು. ಒಂದು ರಾತ್ರಿ ಸೇನಾಪತಿ ಬೇರ್ಡನು ಸಮೀಪದ ತೋಪೊಂದನ್ನು ಶೋಧಿಸಿ, ತನ್ನ ದಳದೊಡನೆ ಪಾಳೆಯಕ್ಕೆ ಹಿಂದಿರುಗುತ್ತಿದ್ದನು. ಆತನ ಕೈಕೆಳಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ನಕ್ಷತ್ರಗಳನ್ನು ನೋಡಿ, ದಳವು ದಕ್ಷಿಣಕ್ಕೆ ಹೋಗುವ ಬದಲು ಉತ್ತರಕ್ಕೆ, ಶತ್ರುಗಳ ಕಡೆಗೇ ಹೋಗುತ್ತಿದೆಯೆಂದು ಬಿನ್ನವಿಸಿದನು. ನಕ್ಷತ್ರಗಳ ನೆರವಿಲ್ಲದೆ ದಾರಿಯನ್ನು ಕಾಣಬಲ್ಲೆನೆಂದು ಬೇರ್ಡನು ಮುಂದೆ ನಡೆದನು. ಸ್ವಲ್ಪ ಹೊತ್ತಿನಲ್ಲಿಯೇ ಶತ್ರುಗಳ ಕಾವಲುದಳವು ಎದುರಾಯಿತು. ಆಮೇಲೆ ದಿಕ್ಸೂಚಿಯನ್ನು ತೆಗೆದು ನೋಡಲು, ನಕ್ಷತ್ರಗಳು ಹೇಳಿದ್ದೇ ನಿಜವಾಯಿತು. ಸೈನಿಕರ ಕಾಲಿನಲ್ಲಿ ಬಲಕ್ಕೆ ಕೊರತೆಯಿರಲಿಲ್ಲ. ಹೊರಡುವಾಗ ಹಿಡಿದ ದಿಕ್ಕು ಮಾತ್ರ ತಪ್ಪಾಗಿದ್ದಿತು.

ಮೇ ೪ರಂದು ಕೋಟೆಯು ಬಿದ್ದಿತು. ಯುದ್ಧವು ಮುಗಿದ ಬಳಿಕ ಇದೇ ಲ್ಯಾಂಬ್ಟನ್ ಮೈಸೂರು ಸೀಮೆಯ ಮೇಲಿಂದ ದಕ್ಷಿಣದೇಶವನ್ನು ಪೂರ್ವಸಮುದ್ರದಿಂದ ಪಶ್ಚಿಮಸಮುದ್ರದ ವರೆಗೆ ತ್ರಿಕೋಣಗಳಿಂದ ಅಳೆಯಬೇಕೆಂದು ಯೋಜನೆಯನ್ನು ಸಲ್ಲಿಸಿ ಒಪ್ಪಿಗೆ ಪಡೆದನು. ೧೮೦೦ನೆಯ ಇಸವಿಯ ಕೊನೆಯಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯು ಅಳೆಯಲ್ಪಟ್ಟಿತು. ೧೮೦೨ನೆಯ ಇಸವಿ ಏಪ್ರಿಲ್ ೧೦ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮಹಾಮಾಪನದ ವಿಧಿವತ್ತಾದ ಆರಂಭವಾಯಿತು. ಸುಮಾರು ಏಳೂವರೆ ಮೈಲಿ ಉದ್ದದ ಆ ರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆಯುವುದಕ್ಕೆ ಆರು ವಾರಗಳು ಹಿಡಿದುವು. ಬಿಸಿಲೇರಿದಂತೆ ಉಕ್ಕು ಹಿಗ್ಗುವುದು. ಆದುದರಿಂದ ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿರಿಸಿ, ಒಂದು ನಿಯತವಾದ ಉಷ್ಣಾಂಶಕ್ಕೆ ಅಳತೆಯನ್ನು ಇಳಿಸಿಕೊಳ್ಳಬೇಕಾಗಿದ್ದಿತು. ನೆಲದ ಏರುತಗ್ಗುಗಳಿಗೂ ಬೇರೆಯೇ ಲೆಕ್ಕ. ಅಳೆಯುವ ಉಪಕರಣದ ಸ್ವಭಾವವನ್ನು ಮೊದಲು ತಿಳಿದು, ಆಮೇಲೆ ಅದು ಹೇಳಿದ ಮಾತನ್ನು ನಂಬಬೇಕೆಂಬುದು ಲ್ಯಾಂಬ್ಟನ್ನನ ನಿಯಮ.

ಮದರಾಸಿನಿಂದ ಬೆಂಗಳೂರಿನ ವರೆಗೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಮಾತ್ರ ಅಳೆದು, ಆ ಕೋನಗಳಿಂದಲೇ ಬೆಂಗಳೂರಿನ ಬಳಿಯ ಮತ್ತೊಂದು ರೇಖೆಯ ಉದ್ದವನ್ನು ಗಣಿಸಲಾಯಿತು. ೧೮೦೪ರಲ್ಲಿ ಸಹಾಯಕನಾದ ಜಾನ್ ವಾರನ್ ಆ ರೇಖೆಯನ್ನು ಸರಪಳಿಯಿಂದಲೇ ಅಳೆದನು. ಏಳು ಮೈಲಿಯಷ್ಟು ಉದ್ದದಲ್ಲಿ ಗಣಿತಕ್ಕೂ ಅಳತೆಗೂ ಕಂಡ ಅಂತರವು ನಾಲ್ಕು ಅಂಗುಲವನ್ನೂ ಮುಟ್ಟಲಿಲ್ಲ. ಈ ಸಣ್ಣ ಅಂತರವನ್ನು ಮರೆಮಾಚದೆ ಪ್ರಕಟಿಸಿದುದೇ ಆ ಕಾರ್ಯಕ್ಕೆ ಗೌರವವನ್ನು ತಂದಿತು.

ಈ ವಾರನ್ನನೇ ಮುಂದೆ ೧೮೨೫ರಲ್ಲಿ ಕಾಲಸಂಕಲಿತವೆಂಬ ಗ್ರಂಥವನ್ನು ಮದರಾಸಿನಲ್ಲಿ ಪ್ರಕಟಿಸಿ ದಕ್ಷಿಣದೇಶದ ಪಂಚಾಂಗಗಣಿತವನ್ನು ವಿವರಿಸಿದನು. ಪುದುಚೇರಿಯ ಪಂಚಾಂಗದವನೊಬ್ಬನು ನೆಲದ ಮೇಲೆ ಕವಡೆಗಳನ್ನು ಹರಡಿ, ಬಾಯಿಪಾಠದ ವಾಕ್ಯಗಳನ್ನು ನೆನೆದು, ಕಾಗದವನ್ನು ಮುಟ್ಟದೆಯೇ ಆ ವರ್ಷದ ಚಂದ್ರಗ್ರಹಣವೊಂದನ್ನು ಗಣಿಸಿದ ವೃತ್ತಾಂತವನ್ನು ಆತನು ಬರೆದಿಟ್ಟಿರುವನು. ಸ್ಪರ್ಶಕಾಲದಲ್ಲಿ ನಾಲ್ಕು ನಿಮಿಷಗಳಷ್ಟೇ ತಪ್ಪಿದ ಆ ಲೆಕ್ಕವು ಮೋಕ್ಷಕಾಲದಲ್ಲಿ ಐವತ್ತೆರಡು ನಿಮಿಷ ತಪ್ಪಿತು. ಆ ಗಣಕನ ಸ್ಮರಣಶಕ್ತಿಯೂ ಕೈಚಳಕವೂ ಯಾರಾದರೂ ತಲೆದೂಗುವಂಥವು. ಆದರೆ ಪರಂಪರೆಯಿಂದ ಬಂದ ಅಂಕಗಳನ್ನು ದೃಕ್ಕಿನೊಡನೆ ಮರಳಿ ಹೊಂದಿಸದಿದ್ದರೆ, ಎಂತಹ ನಿಪುಣನ ಲೆಕ್ಕವೂ ಹಳೆಯ ಅಂಕಗಳ ದೋಷವನ್ನು ಹೊತ್ತುಕೊಂಡೇ ನಡೆಯಬೇಕಾಗುವುದು.

ಲ್ಯಾಂಬ್ಟನ್ ದಕ್ಷಿಣದೇಶವನ್ನು ಅಳೆಯುತ್ತಿದ್ದ ವರ್ಷಗಳಲ್ಲಿಯೇ ಯೂರೋಪಿನಲ್ಲಿ ಹೊಂದಿಕೆಯ ಲೆಕ್ಕಕ್ಕೆ ಒಂದು ಶಾಸ್ತ್ರವು ಹುಟ್ಟಿತು. ೧೮೦೫ರಲ್ಲಿ ಫ್ರಾನ್ಸಿನ ಲೆಜಾಂಡ್ರನೂ, ೧೮೦೯ರಲ್ಲಿ ಜರ್ಮನಿಯ ಗೌಸನೂ ಕನಿಷ್ಠವರ್ಗ ವಿಧಾನವನ್ನು ಪ್ರಕಟಿಸಿದರು. ಅದರ ಸಾರವು ಸುಲಭ. ಹೊಲದ ಒಂದು ಅಂಚನ್ನು ಐದು ಸಲ ಅಳೆದಾಗ ೧೦೦, ೧೦೨, ೧೦೧, ೯೯, ೧೦೩ ಅಡಿಗಳು ಬಂದುವೆಂದಿಟ್ಟುಕೊಳ್ಳೋಣ. ನಿಜವಾದ ಉದ್ದವು ೧೦೦ ಎಂದು ಹಿಡಿದರೆ ಅಂತರಗಳ ವರ್ಗಗಳ ಮೊತ್ತವು ೧೫ ಆಗುವುದು; ೧೦೧ ಎಂದು ಹಿಡಿದರೆ ೧೦ ಆಗುವುದು; ಇದಕ್ಕಿಂತ ಕಡಿಮೆ ಮೊತ್ತವನ್ನು ಕೊಡುವ ಬೆಲೆಯು ಬೇರೊಂದಿಲ್ಲ. ಆದುದರಿಂದ ೧೦೧ ಗ್ರಾಹ್ಯ. ಸೂತ್ರದಲ್ಲಿ ಒಂದು ಮಾನಾಂಕವಿರಲಿ, ಹತ್ತಿರಲಿ, ನಿಯಮವು ಇದೇ.

ಮಾನಾಂಕಗಳು ಹೆಚ್ಚಾದಂತೆ ಶ್ರಮವು ಬೆಳೆಯುವುದು. ಆ ಶ್ರಮಕ್ಕಾಗಿ ಭಾರತದ ಮಹಾಮಾಪನ ಇಲಾಖೆಯಲ್ಲಿ ಗಣಕರನ್ನೇ ನೇಮಿಸುತ್ತಿದ್ದರು. ೧೮೩೧ರಲ್ಲಿ ಸೇರಿದ ಬಂಗಾಳದ ರಾಧಾನಾಥ ಸಿಕ್ದಾರರು ಅವರಲ್ಲಿ ಪ್ರಸಿದ್ಧರು. ಕಂಪ್ಯೂಟರ್ ಎಂಬುದು ಆಗ ಮನುಷ್ಯನ ಹುದ್ದೆಯ ಹೆಸರಾಗಿದ್ದಿತು. ಕರ್ಣಾಟಕದಲ್ಲಿ ಬಾಗಲಕೋಟೆಯ ವೆಂಕಟೇಶ ಬಾಪೂಜಿ ಕೇತಕರರು (೧೮೫೪–೧೯೩೦) ಶಾಲೆಯ ಉಪಾಧ್ಯಾಯರಾಗಿದ್ದುಕೊಂಡೇ, ಪಾಶ್ಚಾತ್ಯರ ನೂತನ ಮಾನಾಂಕಗಳನ್ನು ಸಂಸ್ಕೃತಗ್ರಂಥಗಳ ಚೌಕಟ್ಟಿನಲ್ಲಿ ಅಳವಡಿಸಿ, ಜ್ಯೋತಿರ್ಗಣಿತವೇ ಮೊದಲಾದ ಗ್ರಂಥಗಳ ಮೂಲಕ ಪಂಚಾಂಗಗಳನ್ನು ದೃಕ್ಕಿಗೆ ಸಮೀಪ ತಂದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಶ್ರಮವು ಮನುಷ್ಯನ ಕೈಯಿಂದ ಯಂತ್ರಕ್ಕೆ ದಾಟಿತು. ೧೯೪೪ರಲ್ಲಿ ಲೆವೆನ್‌ಬರ್ಗನೂ ೧೯೬೩ರಲ್ಲಿ ಮಾರ್ಕ್ವಾರ್ಟನೂ, ಊಹಿಸಿದ ಬೆಲೆಗಳಿಂದ ಹೊರಟು ಹೆಜ್ಜೆಹೆಜ್ಜೆಯಾಗಿ ಕನಿಷ್ಠಕ್ಕೆ ಇಳಿಯುವ ಕ್ರಮವನ್ನು ರೂಪಿಸಿದರು. ೧೯೮೩ರಲ್ಲಿ ರಿಕ್ ಶೇಫರ್ ಎಂಬವರು ಎಕ್ಸ್‌ಸ್ಪೆಕ್ ಎಂಬ ಗಣಕಸಾಧನವನ್ನು ಬರೆದರು. ಆಕಾಶದಿಂದ ಬರುವ ಕ್ಷಕಿರಣಗಳ ವರ್ಣಪಟಲಕ್ಕೆ ಸೂತ್ರವನ್ನು ಹೊಂದಿಸುವುದು ಅದರ ಕೆಲಸ. ೨೦೧೫ನೆಯ ಇಸವಿ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹವು ಕಂಡ ಅಂಕಿಗಳು ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಕೇಂದ್ರದಲ್ಲಿ ಸಂಗ್ರಹವಾದುವು. ಅವುಗಳಲ್ಲಿ ಕ್ಷಕಿರಣಗಳಿಗೆ ಸಂಬಂಧಿಸಿದವನ್ನು ವಿದ್ವಾಂಸರು ಹೊಂದಿಸಿ ನೋಡುವುದು ಬಹುಮಟ್ಟಿಗೆ ಈ ಸಾಧನದಿಂದಲೇ. ಬೆಂಗಳೂರಿನ ಬಯಲಿನಲ್ಲಿ ಸರಪಳಿಯೆಳೆದವರ ಕೆಲಸವು, ಎರಡು ಶತಮಾನಗಳ ಬಳಿಕ, ಅದೇ ಸೀಮೆಯಲ್ಲಿ ಬೇರೊಂದು ವೇಷದಲ್ಲಿ ಮುಂದುವರಿದಿದೆಯೆನ್ನಬಹುದು.

ಈ ಸಾಧನದಲ್ಲಿ ಒತ್ತುವ ಗುಂಡಿಗಳಿಲ್ಲ, ಚಿತ್ರಗಳ ಮೆರವಣಿಗೆಯಿಲ್ಲ. ಬರಿದಾದ ತೆರೆಯ ಮೇಲೆ ಒಂದೊಂದೇ ಸಾಲಿನ ಆಜ್ಞೆಯನ್ನು ಬರೆಯಬೇಕು. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ಮೊದಲು ಸಾಧನದ ಸಮೂಹವು ಗಣಕದಲ್ಲಿ ಎಲ್ಲಿ ನೆಲಸಿದೆಯೆಂಬುದನ್ನು ಹೆಡಾಸ್ ಎಂಬ ಹೆಸರಿನ ಗುರುತಿನಿಂದ ತಿಳಿಸಿ, ಅದರ ಸಿದ್ಧತೆಯ ಕಡತವನ್ನು ನಡೆಯಿಸಬೇಕು. ಇದನ್ನು ಮರೆತರೆ ಎಕ್ಸ್‌ಸ್ಪೆಕ್ ಎಂದು ಎಷ್ಟು ಸಲ ಕರೆದರೂ ಯಂತ್ರವು ಓಗೊಡುವುದಿಲ್ಲ. ಓಗೊಟ್ಟಾಗ ಸಾಧನವು ಬಳಕೆದಾರನ ಸ್ವಂತ ಕಡತಕೋಶದಲ್ಲಿರುವ ಎಕ್ಸ್‌ಸ್ಪೆಕ್ ಡಾಟ್ ಇನಿಟ್ ಎಂಬ ಕಡತವನ್ನು ಓದುವುದು. ಧಾತುಗಳ ಪ್ರಮಾಣವನ್ನು ಯಾವ ಕೋಷ್ಟಕದಿಂದ ತೆಗೆದುಕೊಳ್ಳಬೇಕು, ಹೊಂದಿಕೆಯನ್ನು ಯಾವ ಅಳತೆಗೋಲಿನಿಂದ ತೂಗಬೇಕು ಎಂಬ ಪೂರ್ವನಿಯಮಗಳು ಅಲ್ಲಿರುವುವು. ಇದನ್ನು ಈ ಸಾಧನದ ಕರಣಾಧ್ಯಾಯವೆಂದು ಕರೆದರೆ ತಪ್ಪಾಗಲಾರದು.

ಆ ಬಳಿಕ ಡೇಟಾ ಎಂಬ ಆಜ್ಞೆಯಿಂದ ಅಂಕಿಗಳನ್ನು ಒಳಗೆ ತರುವರು. ಅದರೊಡನೆ ದೂರದರ್ಶಕದ ಸ್ವಭಾವವನ್ನು ಹೇಳುವ ಕಡತಗಳೂ ಬರಬೇಕು. ಏಕೆಂದರೆ ಉಪಕರಣವು ಒಂದು ಶಕ್ತಿಯ ಕಿರಣವನ್ನು ಅಕ್ಕಪಕ್ಕದ ಶಕ್ತಿಗಳಲ್ಲಿಯೂ ಚೆದುರಿಸಿ ತೋರಿಸುವುದು. ಲ್ಯಾಂಬ್ಟನ್ನನ ಸರಪಳಿಗೆ ಉಷ್ಣಮಾಪಕವಿದ್ದಂತೆ ಈ ಕಡತಗಳು. ನಂಬಲರ್ಹವಲ್ಲದ ಅಂಕಿಗಳನ್ನು ಇಗ್ನೋರ್ ಎಂಬ ಆಜ್ಞೆಯಿಂದ ಬಿಡುವರು. ಮಾಡೆಲ್ ಎಂಬ ಆಜ್ಞೆಯಿಂದ ಸೂತ್ರವನ್ನು ಕೊಡುವರು. ಆಗ ಸಾಧನವು ಒಂದೊಂದು ಮಾನಾಂಕಕ್ಕೂ ಆರಂಭದ ಬೆಲೆ, ಹೆಜ್ಜೆಯ ಅಳತೆ, ಮೇಲುಕೆಳಗಿನ ಎಲ್ಲೆಗಳು ಎಂದು ಆರು ಅಂಕಗಳನ್ನು ಕೇಳುವುದು. ತಿದ್ದಬಾರದೆಂದು ಕಂಡ ಮಾನಾಂಕವನ್ನು ಫ್ರೀಜ್ ಎಂದು ಹೆಪ್ಪುಗಟ್ಟಿಸಬಹುದು; ಥಾ ಎಂದು ಕರಗಿಸಲೂಬಹುದು. ಸೂರ್ಯನನ್ನು ಸೌರಮತದಲ್ಲಿ ನಿಲ್ಲಿಸಿ ಶನಿಯನ್ನು ಐದು ಭಾಗ ಸರಿಸಿದ ಗಣೇಶದೈವಜ್ಞನು ಮಾಡಿದ್ದೂ ಇದೇ ವಿವೇಚನೆಯ ಕೆಲಸವಲ್ಲವೆ? ಕಡೆಗೆ ಫಿಟ್ ಎಂದು ಬರೆದರೆ, ಹಿಂದೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಲೆಕ್ಕವು ಕ್ಷಣಮಾತ್ರದಲ್ಲಿ ಮುಗಿಯುವುದು.

ಅಪಾಯವಿರುವುದೂ ಇಲ್ಲಿಯೇ. ಏನನ್ನೂ ಹೇಳದಿದ್ದರೆ ಯಂತ್ರವು ಸುಮ್ಮನಿರುವುದಿಲ್ಲ. ತನ್ನ ಪೂರ್ವನಿಯಮಗಳನ್ನು ತಾನೇ ಹಿಡಿಯುವುದು. ಧಾತುಪ್ರಮಾಣಕ್ಕೆ ಅದು ಹಿಡಿಯುವ ವಾಡಿಕೆಯ ಕೋಷ್ಟಕವು ೧೯೮೯ರದು. ಅದಕ್ಕಿಂತ ಹೊಸವು ಅದೇ ಸಾಧನದಲ್ಲಿ ಇದ್ದರೂ ಕೇಳದವನಿಗೆ ದೊರೆಯುವುವಲ್ಲ. ಕನಿಷ್ಠವರ್ಗದ ತೂಕವು ಎಣಿಕೆಗಳು ಹೇರಳವಾಗಿರುವಲ್ಲಿ ಮಾತ್ರ ಸಲ್ಲುವುದು. ಎಣಿಕೆಗಳು ವಿರಳವಾದಾಗ ೧೯೭೯ರಲ್ಲಿ ಕ್ಯಾಷ್ ಎಂಬ ವಿದ್ವಾಂಸನು ತೋರಿಸಿದ ಬೇರೆ ಮಾನವನ್ನು ಆರಿಸಬೇಕು. ಆರಿಸದೆ ಹೋದರೆ ಯಂತ್ರವು ಪ್ರತಿಭಟಿಸದೆ ಒಂದು ಉತ್ತರವನ್ನು ಕೊಟ್ಟೇ ಕೊಡುವುದು.

ಆರಂಭದ ಬೆಲೆಯ ದೋಷವು ಇನ್ನೂ ಸೂಕ್ಷ್ಮ. ಪಾಂಡವಪುರದ ಕುಂತಿಬೆಟ್ಟದ ಮೇಲಿಂದ ಒಬ್ಬನು ಕತ್ತಲೆಯಲ್ಲಿ, ಕಾಲಿಗೆ ಇಳಿಜಾರು ತೋರಿದ ಕಡೆಗೆಲ್ಲ ಇಳಿಯುತ್ತ ಹೊರಟನೆನ್ನೋಣ. ಬಂಡೆಗಳ ನಡುವಿನ ಒಂದು ತಗ್ಗನ್ನು ಸೇರಿ, ಸುತ್ತಲೂ ಏರೇ ಇರುವುದನ್ನು ತಡವಿ ನೋಡಿ, ಬಯಲನ್ನು ಮುಟ್ಟಿದೆನೆಂದು ಆತನು ನಂಬಿ ಕುಳಿತುಕೊಳ್ಳಬಹುದು. ಹೊರಟ ಸ್ಥಳವು ಬೇರೆಯಾಗಿದ್ದರೆ ಬಯಲೇ ದೊರೆಯುತ್ತಿದ್ದಿತು. ಯಂತ್ರದ ಇಳಿತವೂ ಇದರಂತೆಯೇ. ಆದುದರಿಂದ ಬಲ್ಲವರು ಬೇರೆ ಬೇರೆ ಆರಂಭಗಳಿಂದ ಹೊರಟು ಒಂದೇ ತಾಣವನ್ನು ಸೇರುವೆವೋ ಎಂದು ಪರೀಕ್ಷಿಸುವರು. ಎರರ್ ಎಂಬ ಆಜ್ಞೆಯಿಂದ ದೊರೆತ ಬೆಲೆಯ ಅನಿಶ್ಚಯವನ್ನೂ ಅಳೆಯುವರು. ಉಳಿದ ಅಂತರಗಳನ್ನು ರೇಖಾಚಿತ್ರದಲ್ಲಿ ಕಣ್ಣಾರೆ ನೋಡುವರು. ಕೊನೆಗೆ ಸೇವ್ ಎಂಬ ಆಜ್ಞೆಯಿಂದ ಎಲ್ಲ ನಿಯಮಗಳನ್ನೂ ಕಡತದಲ್ಲಿ ಬರೆದಿಡುವರು. ಆ ಕಡತವಿದ್ದರೆ ಬೇರೊಂದು ದೇಶದ ವಿದ್ವಾಂಸನು ಅದೇ ಲೆಕ್ಕವನ್ನು ಮರಳಿ ನಡೆಯಿಸಿ ಒಪ್ಪಬಹುದು, ಇಲ್ಲವೆ ಖಂಡಿಸಬಹುದು. ಅದಿಲ್ಲದಿದ್ದರೆ ಉಳಿಯುವುದು ಒಂದು ಅಂಕ ಮಾತ್ರ. ಅದನ್ನು ನಂಬುವುದಕ್ಕೂ ಬಿಡುವುದಕ್ಕೂ ಆಧಾರವಿರುವುದಿಲ್ಲ.

ಪಂಚಾಂಗದ ಲೆಕ್ಕ ತಪ್ಪಿದರೆ ಒಂದು ಮನೆಯ ಉಪವಾಸವು ಒಂದು ದಿನ ಹಿಂದುಮುಂದಾದೀತು. ಆದರೆ ಇಂದು ಹೊಂದಿಕೆಯ ಲೆಕ್ಕವು ನಕ್ಷತ್ರಗಳಿಗೆ ಮಾತ್ರ ಸೀಮಿತವಾಗಿಲ್ಲ. ಮಳೆಯ ಅಂದಾಜು, ರೋಗದ ಹರಡುವಿಕೆ, ಔಷಧದ ಪ್ರಮಾಣ, ಎಲ್ಲವೂ ಇಂತಹ ಲೆಕ್ಕಗಳನ್ನು ಅವಲಂಬಿಸಿರುವುವು. ಅಲ್ಲಿ ಹೇಳದೆ ಉಳಿದ ಒಂದು ಆರಂಭನಿಯಮವು ಎಷ್ಟೋ ಜನರ ಬಾಳನ್ನು ಮುಟ್ಟಬಲ್ಲದು. ಬೇರ್ಡನ ದಳವು ಎಷ್ಟು ಬೇಗ ನಡೆಯಿತೋ ಅಷ್ಟು ಬೇಗ ಶತ್ರುವನ್ನು ಸಮೀಪಿಸಿತು. ಯಂತ್ರದ ವೇಗವೂ ದಿಕ್ಕು ತಪ್ಪಿದಾಗ ಹಾಗೆಯೇ. ವರ್ಷವರ್ಷವೂ ಕಿರಂಗೂರಿನ ಬನ್ನಿಮಂಟಪದಲ್ಲಿ ಪೂಜೆಯು ನಡೆದ ಮೇಲೆಯೇ ಮೆರವಣಿಗೆಯು ಶ್ರೀರಂಗಪಟ್ಟಣದ ಕಡೆಗೆ ಹೆಜ್ಜೆಯಿಡುವುದು. ಗಣಕದ ಮುಂದೆ ಕುಳಿತು ಮೊದಲ ಆಜ್ಞೆಯನ್ನು ಬರೆಯುವ ಈ ಕಾಲದ ವಿದ್ಯಾರ್ಥಿಯೂ ತನ್ನ ದಿನವನ್ನು, ದಿಕ್ಕನ್ನು, ಸರಪಳಿಯ ಉದ್ದವನ್ನು ಮೊದಲು ಗೊತ್ತುಮಾಡಿಕೊಂಡು, ಅವನ್ನು ನಾಲ್ವರಿಗೆ ತಿಳಿಯುವಂತೆ ಬರೆದಿಟ್ಟು, ಆಮೇಲೆ ಹೊರಡುವುದು ಯುಕ್ತ.